ಹಲ್ಲುಪಟ್ಟಿಯ ಮೇಲೆ ಉಗಿಬಂಡಿ: ನೀಲಗಿರಿ ರೈಲು ಮತ್ತು ಬಿಡಿಭಾಗಗಳ ಪ್ರಶ್ನೆ

ಮೆಟ್ಟುಪಾಳ್ಯದಿಂದ ಬೆಳಗ್ಗೆ ಏಳು ಗಂಟೆಯ ಸುಮಾರಿಗೆ ಹೊರಡುವ ಉದಕಮಂಡಲದ ರೈಲು ಮೊದಲ ಏಳೆಂಟು ಕಿಲೋಮೀಟರುಗಳನ್ನು ಅಡಿಕೆ ತೋಟಗಳ ನಡುವೆ ಇತರ ಯಾವುದೇ ಪ್ಯಾಸೆಂಜರ್ ಗಾಡಿಯಂತೆಯೇ ಕ್ರಮಿಸುತ್ತದೆ. ಒಂದು ವ್ಯತ್ಯಾಸವೆಂದರೆ ಎಂಜಿನ್ ಮುಂದೆ ಇರುವುದಿಲ್ಲ, ಹಿಂದೆ ಇರುತ್ತದೆ. ಕಲ್ಲಾರ್ ನಿಲ್ದಾಣ ದಾಟಿದೊಡನೆ ಗಾಡಿಯ ಗತಿ ತಗ್ಗುತ್ತದೆ. ಹಳಿಗಳ ನಡುವೆ ಹಾಸಿದ ಹಲ್ಲುಳ್ಳ ಉಕ್ಕಿನ ಪಟ್ಟಿಗಳಿಗೆ ಎಂಜಿನ್ನಿನ ಹೊಟ್ಟೆಯ ಕೆಳಗಿನ ಹಲ್ಲುಚಕ್ರಗಳು ಕಚ್ಚಿಕೊಳ್ಳುತ್ತವೆ. ಅಲ್ಲಿಂದ ಕೂನೂರಿನವರೆಗೆ, ಸುಮಾರು 20 ಕಿಲೋಮೀಟರುಗಳ ದಾರಿಯಲ್ಲಿ, ಗಾಡಿ ಗಂಟೆಗೆ 13 ಕಿಲೋಮೀಟರಿಗಿಂತ ವೇಗವಾಗಿ ಹೋಗುವಂತಿಲ್ಲ. ಒಟ್ಟು 46 ಕಿಲೋಮೀಟರುಗಳ ಪ್ರಯಾಣಕ್ಕೆ ಏರುವಾಗ ಐದು ಗಂಟೆಗಳಿಗೆ ತುಸು ಕಡಿಮೆ, ಇಳಿಯುವಾಗ ಮೂರೂವರೆ ಗಂಟೆಗಳು ಬೇಕಾಗುತ್ತವೆ. ಬಸ್ಸಿನಲ್ಲಿ ಹೋಗುವವನು ಅಷ್ಟರಲ್ಲಿ ಉದಕಮಂಡಲವನ್ನು ತಲುಪಿ, ತನ್ನ ಕೆಲಸ ಮುಗಿಸಿ, ಮರಳಿ ಬರುವ ಸಿದ್ಧತೆಯಲ್ಲಿರುತ್ತಾನೆ.

ಭಾರತೀಯ ರೈಲ್ವೆಯ ಬ್ರಾಡ್‌ಗೇಜ್ ಜಾಲದಲ್ಲಿ ವಿದ್ಯುದೀಕರಣವು 2025ರ ಅಂತ್ಯದ ವೇಳೆಗೆ ಶೇ. 99ರ ಆಸುಪಾಸಿಗೆ ಬಂದು ನಿಂತಿತ್ತು. ಬೆಂಗಳೂರಿನ ಬಿಇಎಂಎಲ್ ಸಂಸ್ಥೆಯು 2024ರಲ್ಲಿ ವಂದೇ ಭಾರತ್ ಶಯನ ಗಾಡಿಯ ಮೊದಲ ಮಾದರಿಯನ್ನು ಸಿದ್ಧಪಡಿಸಿತು. ಇಂತಹ ಕಾಲದಲ್ಲಿ, ಅಂದರೆ 2021ರಲ್ಲಿ, ಅದೇ ರೈಲ್ವೆಯ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಯಾಗಾರದಿಂದ ಕಲ್ಲಿದ್ದಲು ಉರಿಸುವ ಹೊಚ್ಚ ಹೊಸ ಉಗಿ ಎಂಜಿನ್ ಒಂದು ಹೊರಬಂದಿತೆಂಬುದು ಅನೇಕರಿಗೆ ಸೋಜಿಗವೆನಿಸಬಹುದು. ಅದು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ನಿಲ್ಲಿಸಲು ತಯಾರಿಸಿದ ಮಾದರಿಯಲ್ಲ, ನೀಲಗಿರಿಯ ಏರಿನಲ್ಲಿ ಪ್ರಯಾಣಿಕರನ್ನು ತಳ್ಳಲು ತಯಾರಾದ ಯಂತ್ರ. ಪಾರಂಪರಿಕ ರೈಲ್ವೆಗಳ ಕುರಿತು ಪ್ರವಾಸೋದ್ಯಮದ ದೃಷ್ಟಿಯಿಂದ ಬಹಳಷ್ಟು ಬರೆಯಲಾಗಿದೆ. ಆದರೆ ಆ ಎಂಜಿನ್ನಿನ ಹಲ್ಲುಚಕ್ರವನ್ನು ಕೊರೆಯುವವರು ಯಾರು, ಸಿಲಿಂಡರನ್ನು ಎರಕ ಹೊಯ್ಯುವವರು ಯಾರು, ಅವರಿಗೆ ಅದು ಗಿಟ್ಟುತ್ತದೆಯೇ ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಸಣ್ಣ ಕೈಗಾರಿಕೆಗಳಿಗೆ ಸಂಬಂಧಪಟ್ಟ ಭಾಗವಿರುವುದು ಅಲ್ಲಿಯೇ.

ದಿವಾಳಿಯಿಂದ ಆರಂಭವಾದ ಮಾರ್ಗ

ನೀಲಗಿರಿಗೆ ರೈಲು ಬೇಕೆಂಬ ಪ್ರಸ್ತಾಪ 1854ರಷ್ಟು ಹಳೆಯದು. ಬೆಟ್ಟದ ಕಡಿದಾದ ಮೈ, ಕಾಡು ಮತ್ತು ಮಲೇರಿಯಾಗಳಿಂದಾಗಿ ಅದು ದಶಕಗಳ ಕಾಲ ಕಾಗದದ ಮೇಲೆಯೇ ಉಳಿಯಿತು. ಸ್ವಿಟ್ಜರ್ಲೆಂಡಿನಲ್ಲಿ ಹಲ್ಲುಪಟ್ಟಿಯ ರೈಲುಗಳಿಗೆ ಹೆಸರಾಗಿದ್ದ ಎಂಜಿನಿಯರ್ ನಿಕ್ಲಾಸ್ ರಿಗ್ಗೆನ್‌ಬಾಖ್ 1880ರ ದಶಕದಲ್ಲಿ ಒಂದು ಯೋಜನೆಯನ್ನು ಮುಂದಿಟ್ಟನು. ಖಾಸಗಿ ಬಂಡವಾಳದಿಂದ ಕಂಪೆನಿಯೊಂದು ಸ್ಥಾಪನೆಯಾಗಿ 1891ರಲ್ಲಿ ಕಾಮಗಾರಿ ಆರಂಭಿಸಿತು, ಆದರೆ ಮೂರೇ ವರ್ಷಗಳಲ್ಲಿ ಹಣ ಸಾಲದೆ ಬಾಗಿಲು ಮುಚ್ಚಿತು. ಅನಂತರ ಬಂದ ಹೊಸ ಕಂಪೆನಿಯು ಕಾಮಗಾರಿಯನ್ನು ಪೂರೈಸಿ, 1899ರ ಜೂನ್ ತಿಂಗಳಲ್ಲಿ ಮೆಟ್ಟುಪಾಳ್ಯ–ಕೂನೂರು ಮಾರ್ಗವು ಸಂಚಾರಕ್ಕೆ ತೆರೆದುಕೊಂಡಿತು. 1903ರಲ್ಲಿ ಸರ್ಕಾರವೇ ಅದನ್ನು ಕೊಂಡುಕೊಂಡಿತು. ಉದಕಮಂಡಲದವರೆಗಿನ ವಿಸ್ತರಣೆ ಮುಗಿದದ್ದು 1908ರಲ್ಲಿ. ಹೂಡಿಕೆದಾರರ ಕೈಸುಟ್ಟು, ಕೊನೆಗೆ ಬೊಕ್ಕಸದ ಮಡಿಲಿಗೆ ಬಿದ್ದ ಯೋಜನೆ ಇದೆಂಬುದನ್ನು ಇಂದಿನ ನಷ್ಟದ ಲೆಕ್ಕವನ್ನು ಎತ್ತಿ ಆಡುವವರು ನೆನಪಿಡುವುದು ಒಳಿತು. ಈ ಮಾರ್ಗವು ಹುಟ್ಟಿನಿಂದಲೇ ಲಾಭದ ಕೂಸಲ್ಲ.

ವರ್ತಕ ಮನೆತನವೊಂದು ಸ್ವಂತ ಹಣದಿಂದ ಬೆಟ್ಟಕ್ಕೆ ರೈಲು ಹಾಕಿಸಿ ಯಶಸ್ವಿಯಾದ ನಿದರ್ಶನವೂ ದೇಶದಲ್ಲಿದೆ. ಮುಂಬಯಿಯ ಉದ್ಯಮಿ ಸರ್ ಆದಂಜೀ ಪೀರ್‌ಭಾಯ್ ಅವರ ಕುಟುಂಬವು ನೇರಳದಿಂದ ಮಾಥೇರಾನಿಗೆ 21 ಕಿಲೋಮೀಟರುಗಳ ಎರಡಡಿ ಗೇಜಿನ ಮಾರ್ಗವನ್ನು ನಿರ್ಮಿಸಿ 1907ರಲ್ಲಿ ತೆರೆಯಿತು. ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ಆ ಊರಿಗೆ ಪುಟ್ಟ ಗಾಡಿಯೇ ಜೀವನಾಡಿ. 2005ರ ಮಹಾಮಳೆಯಲ್ಲಿ ಹಳಿಗಳು ಕೊಚ್ಚಿಹೋದಾಗ ಮತ್ತು 2019ರಲ್ಲಿ ಪುನಃ ಹಾಗೆಯೇ ಆದಾಗ ಅಲ್ಲಿನ ಅಂಗಡಿಕಾರರಿಗೂ ವಸತಿಗೃಹಗಳವರಿಗೂ ಅದರ ಬೆಲೆ ಚೆನ್ನಾಗಿ ಅರಿವಾಯಿತು. ಪೂರ್ಣ ಮಾರ್ಗದಲ್ಲಿ ಸಂಚಾರ ಮರಳಿ ಆರಂಭವಾದದ್ದು 2022ರ ಅಕ್ಟೋಬರ್‌ನಲ್ಲಿ.

ನೀಲಗಿರಿಯ ಗಾಡಿಗೆ ಅಂತಹ ಅನಿವಾರ್ಯತೆ ಈಗ ಉಳಿದಿಲ್ಲ. ಬೆಟ್ಟದ ಚಹಾವಾಗಲಿ ತರಕಾರಿಯಾಗಲಿ ಲಾರಿಗಳಲ್ಲಿ ಇಳಿಯುತ್ತದೆ. ಮೆಟ್ಟುಪಾಳ್ಯದ ಪ್ರಸಿದ್ಧ ಆಲೂಗಡ್ಡೆ ಮಂಡಿಗೆ ನೀಲಗಿರಿಯ ಬೆಳೆ ಬರುವಂತೆ ಕರ್ನಾಟಕದ ಬೆಳೆಯೂ ಬರುತ್ತದೆ, ಆದರೆ ಅದೆಲ್ಲವೂ ರಸ್ತೆಯ ವ್ಯಾಪಾರ. ರೈಲಿಗೆ ಉಳಿದಿರುವುದು ಪ್ರಯಾಣಿಕರು ಮಾತ್ರ, ಅವರಲ್ಲಿಯೂ ಹೆಚ್ಚಿನವರು ಪ್ರವಾಸಿಗರು. 2005ರ ಜುಲೈ ತಿಂಗಳಲ್ಲಿ ಯುನೆಸ್ಕೋ ಸಂಸ್ಥೆಯು ಡಾರ್ಜಿಲಿಂಗ್ ರೈಲ್ವೆಯ ವಿಸ್ತರಣೆಯಾಗಿ ಈ ಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2008ರಲ್ಲಿ ಕಾಲ್ಕಾ–ಶಿಮ್ಲಾ ಮಾರ್ಗವೂ ಸೇರಿತು. ಪಟ್ಟಿಗೆ ಸೇರಿದ ದಿನದಿಂದ ಮಾರ್ಗವನ್ನು ಮುಚ್ಚುವ ಮಾತು ಹಿಂದೆ ಸರಿಯಿತೇನೋ ನಿಜ. ಆದರೆ ಅದನ್ನು ನಡೆಸುವ ಎಂಜಿನ್ನುಗಳ ವಯಸ್ಸನ್ನು ಯಾವ ಪಟ್ಟಿಯೂ ಕಡಿಮೆ ಮಾಡಲಾರದಷ್ಟೆ.

ನಾಲ್ಕು ಸಿಲಿಂಡರುಗಳ ಯಂತ್ರ

ಮೆಟ್ಟುಪಾಳ್ಯವು ಸಮುದ್ರಮಟ್ಟದಿಂದ ಸುಮಾರು 330 ಮೀಟರ್ ಎತ್ತರದಲ್ಲಿದೆ, ಉದಕಮಂಡಲವು 2,200 ಮೀಟರ್ ಎತ್ತರದಲ್ಲಿದೆ. ಕಲ್ಲಾರಿನಿಂದ ಕೂನೂರಿಗೆ ಏರುವಾಗ ಅತ್ಯಂತ ಕಡಿದಾದ ಕಡೆ ಹನ್ನೆರಡೂವರೆ ಅಡಿ ಮುಂದೆ ಸಾಗಿದರೆ ಒಂದು ಅಡಿ ಮೇಲೇರಬೇಕು. ಇದು ಎಷ್ಟು ಕಡಿದೆಂಬುದಕ್ಕೆ ಕರ್ನಾಟಕದ ಘಟ್ಟಗಳನ್ನೇ ಹೋಲಿಕೆಗೆ ತೆಗೆದುಕೊಳ್ಳಬಹುದು. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ಘಟ್ಟದಲ್ಲಿ ಏರು 50ಕ್ಕೆ 1. ಕ್ಯಾಸಲ್‌ರಾಕ್–ಕುಳೆಂ ನಡುವೆ 37ಕ್ಕೆ 1. ಇಷ್ಟಕ್ಕೇ ಸರಕು ಗಾಡಿಗಳನ್ನು ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನ್ನುಗಳು ಬೇಕಾಗುತ್ತವೆ. 12.5ಕ್ಕೆ 1ರ ಏರಿನಲ್ಲಿ ನುಣುಪಾದ ಹಳಿಯ ಮೇಲೆ ನುಣುಪಾದ ಚಕ್ರವು ಸುಮ್ಮನೆ ಜಾರುತ್ತದೆ, ಎಂಜಿನ್ನಿನಲ್ಲಿ ಎಷ್ಟೇ ಬಲವಿದ್ದರೂ ಅದು ಹಳಿಗೆ ದಾಟುವುದಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಆಬ್ಟ್ ಪದ್ಧತಿ. ಹಳಿಗಳ ನಡುವೆ ಎರಡು ಹಲ್ಲುಪಟ್ಟಿಗಳನ್ನು ಅಕ್ಕಪಕ್ಕದಲ್ಲಿ, ಒಂದರ ಹಲ್ಲು ಇನ್ನೊಂದರ ಸಂದಿಗೆ ನೇರವಾಗುವಂತೆ ಕೂರಿಸಲಾಗುತ್ತದೆ. ಹೀಗಾಗಿ ಚಕ್ರದ ಒಂದು ಹಲ್ಲು ಬಿಡುವ ಮುನ್ನವೇ ಮತ್ತೊಂದು ಹಿಡಿದಿರುತ್ತದೆ, ಹಿಡಿತ ಎಂದೂ ತಪ್ಪುವುದಿಲ್ಲ. ಈ ಮಾರ್ಗದಲ್ಲಿ ದುಡಿಯುವ ಎಕ್ಸ್ ವರ್ಗದ ಎಂಜಿನ್ನುಗಳನ್ನು ತಯಾರಿಸಿದ್ದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ನಗರದ ಎಸ್‌ಎಲ್‌ಎಂ ಕಂಪೆನಿ. 1914 ಮತ್ತು 1925ರ ನಡುವೆ 12 ಹಾಗೂ 1952ರಲ್ಲಿ 5, ಹೀಗೆ ಒಟ್ಟು 17 ಎಂಜಿನ್ನುಗಳು ಅಲ್ಲಿಂದ ಬಂದವು.

ಈ ಯಂತ್ರದ ರಚನೆಯು ಯಾವ ವರ್ಕ್‌ಶಾಪ್ ಮಾಲೀಕನನ್ನೂ ಕೆಲಹೊತ್ತು ನಿಲ್ಲಿಸಿ ನೋಡುವಂತೆ ಮಾಡುವಂಥದು. ಪ್ರತಿ ಬದಿಯಲ್ಲಿಯೂ ಒಂದರ ಮೇಲೊಂದರಂತೆ ಎರಡು ಸಿಲಿಂಡರುಗಳು, ಒಟ್ಟು ನಾಲ್ಕು. ಸಮತಟ್ಟಿನಲ್ಲಿ ಹೋಗುವಾಗ ಎರಡೇ ಕೆಲಸ ಮಾಡುತ್ತವೆ, ಅವು ಸಾಮಾನ್ಯ ಚಕ್ರಗಳನ್ನು ತಿರುಗಿಸುತ್ತವೆ. ಹಲ್ಲುಪಟ್ಟಿ ಆರಂಭವಾದೊಡನೆ ಚಾಲಕನು ಕವಾಟವನ್ನು ಬದಲಿಸುತ್ತಾನೆ. ಆಗ ಮೊದಲ ಜೋಡಿಯಲ್ಲಿ ದುಡಿದು ಹೊರಬಂದ ಉಗಿಯು ಆಕಾಶಕ್ಕೆ ಹೋಗುವ ಬದಲು ಎರಡನೆಯ ಜೋಡಿಗೆ ಹೋಗಿ, ಕಡಿಮೆ ಒತ್ತಡದಲ್ಲಿ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಒಂದೇ ಉಗಿಯಿಂದ ಎರಡು ಸಲ ದುಡಿಮೆ. ಇಂಧನ ಉಳಿತಾಯದ ಈ ಲೆಕ್ಕಾಚಾರವು ನೂರು ವರ್ಷಗಳ ಹಿಂದಿನದೆಂದರೆ ನಂಬುವುದು ಕಷ್ಟ. ಇಳಿಯುವಾಗ ಇದೇ ವ್ಯವಸ್ಥೆ ಬ್ರೇಕಿನ ಕೆಲಸಕ್ಕೂ ನೆರವಾಗುತ್ತದೆ. ಪ್ರತಿ ಬೋಗಿಯ ಮೇಲೆಯೂ ಒಬ್ಬ ಬ್ರೇಕ್‌ಮನ್ ಇರುತ್ತಾನೆ. ಎಂಜಿನ್ ಹಿಂದಿರುವುದರಿಂದ ಚಾಲಕನಿಗೆ ಮುಂದಿನ ದಾರಿ ಕಾಣದು. ಈ ಬ್ರೇಕ್‌ಮನ್‌ಗಳು ಹಸಿರು ಮತ್ತು ಕೆಂಪು ಬಾವುಟಗಳ ಮೂಲಕ ಒಬ್ಬರಿಂದೊಬ್ಬರಿಗೆ ಸೂಚನೆ ದಾಟಿಸುತ್ತಾರೆ. 16 ಸುರಂಗಗಳು, 208 ತಿರುವುಗಳು, 250 ಸೇತುವೆಗಳ ಈ ಹಾದಿಯಲ್ಲಿ ಆ ಬಾವುಟಗಳ ಮೇಲೆಯೇ ಚಾಲಕನ ನಂಬಿಕೆ.

ಆದರೆ ಕೊಂಡುಕೊಂಡ ಯಂತ್ರ ಎಷ್ಟೇ ಉತ್ತಮವಾದದ್ದಾದರೂ ತಯಾರಿಸಿದವನು ಅಂಗಡಿ ಮುಚ್ಚಿದರೆ ಕೊಂಡವನ ಕಥೆ ಮುಗಿದಂತೆಯೇ. ಈ ಕಷ್ಟವು ಜರ್ಮನಿಯಿಂದಲೋ ಜಪಾನಿನಿಂದಲೋ ಹಳೆಯ ಯಂತ್ರ ತರಿಸಿಕೊಂಡ ಪ್ರತಿಯೊಬ್ಬ ಸಣ್ಣ ಉದ್ದಿಮೆದಾರನಿಗೂ ಗೊತ್ತಿರುವಂಥದೇ. ಭಾರತದಲ್ಲಿ ಚಿತ್ತರಂಜನ್ ಕಾರ್ಖಾನೆಯು 1972ರಲ್ಲಿ ಉಗಿ ಎಂಜಿನ್ನುಗಳ ತಯಾರಿಕೆಯನ್ನು ನಿಲ್ಲಿಸಿತು. ಬ್ರಾಡ್‌ಗೇಜಿನಲ್ಲಿ ಉಗಿಯ ನಿಯತ ಸಂಚಾರವು 1995ರ ಡಿಸೆಂಬರ್‌ನಲ್ಲಿ ಕೊನೆಗೊಂಡಿತು. ಉಗಿ ಹೋದ ಮೇಲೆ ಉಗಿಯ ಬಿಡಿಭಾಗಗಳ ಮಾರುಕಟ್ಟೆಯೂ ಹೋಯಿತು. ಇಂಜೆಕ್ಟರ್, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ, ಬಾಯ್ಲರಿನ ಒಳಗೋಡೆಯನ್ನು ಹೊರಗೋಡೆಗೆ ಬಿಗಿಯುವ ಆನಿಕೆ ಬೋಲ್ಟುಗಳು, ಪಿಸ್ಟನ್ ರಿಂಗುಗಳು, ಇವುಗಳನ್ನು ಸಾವಿರ ಸಂಖ್ಯೆಯಲ್ಲಿ ಪೂರೈಸುತ್ತಿದ್ದವರು ಬೇರೆ ಕಸುಬು ಹಿಡಿದರು. ನೀಲಗಿರಿಯ ಎಂಜಿನ್ನುಗಳ ಹಲ್ಲುಚಕ್ರಗಳಂತೂ ಆ ದಿನಗಳಲ್ಲಿಯೂ ದೇಶದ ಬೇರೆ ಯಾವ ಮಾರ್ಗಕ್ಕೂ ಬೇಕಾಗಿರಲಿಲ್ಲ.

ಪೊನ್ಮಲೈ ಕಾರ್ಯಾಗಾರದ ಸಾಹಸ

ಹಳೆಯ ಎಂಜಿನ್ನುಗಳಲ್ಲಿ ಒಂದಾದಮೇಲೊಂದು ಕೆಟ್ಟು ನಿಲ್ಲತೊಡಗಿದಾಗ ರೈಲ್ವೆಯ ಮುಂದಿದ್ದ ದಾರಿಗಳು ಹೆಚ್ಚಿರಲಿಲ್ಲ. ಮೊದಲ ಹೆಜ್ಜೆಯಾಗಿ 2000ದ ದಶಕದ ಆರಂಭದಲ್ಲಿ ಕೆಲವು ಎಂಜಿನ್ನುಗಳನ್ನು ಕಲ್ಲಿದ್ದಲಿನಿಂದ ಎಣ್ಣೆಗೆ ಪರಿವರ್ತಿಸಲಾಯಿತು. ಕಲ್ಲಿದ್ದಲಿನ ಕಿಡಿಯಿಂದ ಬೇಸಗೆಯಲ್ಲಿ ಕಾಡಿಗೆ ಬೆಂಕಿ ತಗಲುವ ಭಯವೂ, ಒಳ್ಳೆಯ ಕಲ್ಲಿದ್ದಲಿನ ಕೊರತೆಯಿಂದ ಏರಿನಲ್ಲಿ ಉಗಿ ಸಾಲದೆ ಗಾಡಿ ನಿಲ್ಲುವ ತೊಂದರೆಯೂ ಇದರಿಂದ ತಗ್ಗಿದವು. ಎರಡನೆಯ ಹೆಜ್ಜೆ ದೊಡ್ಡದು. 2011ರಿಂದ 2014ರ ಅವಧಿಯಲ್ಲಿ ಪೊನ್ಮಲೈ ಕಾರ್ಯಾಗಾರವು ಎಣ್ಣೆ ಉರಿಸುವ ನಾಲ್ಕು ಹೊಸ ಎಕ್ಸ್ ವರ್ಗದ ಎಂಜಿನ್ನುಗಳನ್ನು ನಿರ್ಮಿಸಿತು. ಆ ಬಳಿಕ ಬಂದದ್ದೇ 2021ರ ಕಲ್ಲಿದ್ದಲಿನ ಎಂಜಿನ್.

ಗೋಲ್ಡನ್ ರಾಕ್ ಎಂದು ಹೆಸರಾದ ಈ ಕಾರ್ಯಾಗಾರವು ದಕ್ಷಿಣ ಭಾರತ ರೈಲ್ವೆ ಕಂಪೆನಿಯ ಕಾಲದ್ದು. ನಾಗಪಟ್ಟಣದಲ್ಲಿದ್ದ ಕಾರ್ಯಾಗಾರವು 1928ರ ಸುಮಾರಿಗೆ ಇಲ್ಲಿಗೆ ಸ್ಥಳಾಂತರಗೊಂಡಿತು. ಅಲ್ಲಿ ಉಗಿಯ ಕೆಲಸ ಬಲ್ಲ ಕುಶಲಕರ್ಮಿಗಳ ಪರಂಪರೆ ಪೂರ್ತಿಯಾಗಿ ಕಡಿದುಹೋಗಿರಲಿಲ್ಲ ಎಂಬುದು ಒಂದು ಕಾರಣವಾದರೆ, ಊರಿನ ಪರಿಸರವೇ ಇನ್ನೊಂದು ಕಾರಣ. ತಿರುಚಿರಾಪಳ್ಳಿಯಲ್ಲಿ 1960ರ ದಶಕದಿಂದ ಬಿಎಚ್‌ಇಎಲ್‌ನ ಅಧಿಕ ಒತ್ತಡದ ಬಾಯ್ಲರ್ ಕಾರ್ಖಾನೆಯಿದೆ. ಅದರ ಸುತ್ತ ಬೆಳೆದ ನೂರಾರು ಫ್ಯಾಬ್ರಿಕೇಶನ್ ಘಟಕಗಳಿಗೆ ಒತ್ತಡದ ಪಾತ್ರೆಯನ್ನು ಬೆಸುಗೆ ಹಾಕುವುದು, ಕ್ಷಕಿರಣದಿಂದ ಬೆಸುಗೆಯನ್ನು ಪರೀಕ್ಷಿಸುವುದು ದಿನನಿತ್ಯದ ಕೆಲಸ. ಸಮೀಪದ ಕೊಯಮತ್ತೂರಿನಲ್ಲಿ ಎರಕದ ಮನೆಗಳಿಗೆ ಕೊರತೆಯಿಲ್ಲ. ನೂರು ವರ್ಷ ಹಳೆಯ ಯಂತ್ರವೊಂದನ್ನು ಮತ್ತೆ ಹುಟ್ಟಿಸಲು ಇದಕ್ಕಿಂತ ಅನುಕೂಲವಾದ ನೆಲ ಸಿಗುವುದು ಕಷ್ಟ.

ಇಂತಹ ನೆಲ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಉಗಿ ಎಂಜಿನ್ನಿನ ತವರಾದ ಬ್ರಿಟನ್ನೇ ಸಾಕ್ಷಿ. ಅಲ್ಲಿ ಆಸಕ್ತರ ದೇಣಿಗೆಯಿಂದ ನಡೆಯುವ ಟ್ರಸ್ಟ್ ಒಂದು ಸುಮಾರು 30 ಲಕ್ಷ ಪೌಂಡುಗಳ ವೆಚ್ಚದಲ್ಲಿ ಟೊರ್ನೇಡೊ ಎಂಬ ಹೊಸ ಉಗಿ ಎಂಜಿನ್ನನ್ನು ನಿರ್ಮಿಸಿ 2008ರಲ್ಲಿ ಹಳಿಗೆ ತಂದಿತು. ದೇಶವೆಲ್ಲ ಹೆಮ್ಮೆಪಟ್ಟಿತು. ಆದರೆ ಅದರ ಬಾಯ್ಲರನ್ನು ಜರ್ಮನಿಯ ಮೈನಿಂಗೆನ್ ಕಾರ್ಖಾನೆಯಿಂದ ತರಿಸಬೇಕಾಯಿತು. ಜಗತ್ತಿಗೆಲ್ಲ ಬಾಯ್ಲರ್ ಮಾರಿದ ನಾಡಿನಲ್ಲಿ ಆ ಗಾತ್ರದ ಒಂದು ರೈಲು ಬಾಯ್ಲರ್ ಮಾಡಿಕೊಡುವವರು ಉಳಿದಿರಲಿಲ್ಲ. ಇಂಧನದ್ದೂ ಅದೇ ಗತಿ. ವೇಲ್ಸ್‌ನ ಫೋಸ್-ಅ-ವ್ರಾನ್ ಗಣಿ 2023ರ ನವೆಂಬರ್‌ನಲ್ಲಿ ಮುಚ್ಚಿದ ಮೇಲೆ ಅಲ್ಲಿನ ಪಾರಂಪರಿಕ ರೈಲ್ವೆಗಳು ಹೊರದೇಶದ ಕಲ್ಲಿದ್ದಲನ್ನೂ, ಸಸ್ಯಜನ್ಯ ಪದಾರ್ಥ ಬೆರೆಸಿದ ಇಂಧನದ ಉಂಡೆಗಳನ್ನೂ ಅವಲಂಬಿಸುವಂತಾಗಿದೆ.

ಸ್ವಿಟ್ಜರ್ಲೆಂಡಿನವರ ದಾರಿ ಬೇರೆ. ನೀಲಗಿರಿಗೆ ಎಂಜಿನ್ ಕೊಟ್ಟ ಅದೇ ಎಸ್‌ಎಲ್‌ಎಂ ಕಂಪೆನಿಯು 1990ರ ದಶಕದಲ್ಲಿ ಪರ್ವತ ರೈಲುಗಳಿಗಾಗಿ ಹಗುರ ಎಣ್ಣೆಯಿಂದ ನಡೆಯುವ ಹೊಸ ವಿನ್ಯಾಸದ ಎಂಟು ಉಗಿ ಎಂಜಿನ್ನುಗಳನ್ನು ತಯಾರಿಸಿತು. ರೋಜರ್ ವಾಲರ್ ಎಂಬ ಎಂಜಿನಿಯರ್ ಇದರ ಮುಂದಾಳು. ಹಳೆಯ ಎಂಜಿನ್ನಿಗೆ ಚಾಲಕ ಮತ್ತು ಬೆಂಕಿಗಾರ ಇಬ್ಬರೂ ಬೇಕು. ಹೊಸದಕ್ಕೆ ಒಬ್ಬನೇ ಸಾಕು. ಬಾಯ್ಲರಿಗೆ ಚೆನ್ನಾದ ಉಷ್ಣಕವಚವಿದ್ದು, ಬೆಳಗ್ಗೆ ಬೇಗನೆ ಕೆಲಸಕ್ಕೆ ಸಿದ್ಧವಾಗುತ್ತದೆ. ಪ್ರವಾಸಿಗೆ ಬೇಕಾದ ಹೊಗೆ, ಸದ್ದು, ಸಿಳ್ಳೆ ಎಲ್ಲವೂ ಇವೆ, ಸಂಬಳದ ಖರ್ಚು ಮಾತ್ರ ಅರ್ಧ. ಪರಂಪರೆಯನ್ನು ಯಥಾವತ್ತಾಗಿ ಉಳಿಸಬೇಕೆನ್ನುವವರಿಗೆ ಇದು ಹಿಡಿಸದಿರಬಹುದು, ಲೆಕ್ಕಪತ್ರ ನೋಡುವವರಿಗೆ ಹಿಡಿಸುತ್ತದೆ.

ಒಂದು ಬಿಡಿಭಾಗದ ಲೆಕ್ಕ

ಪಾರಂಪರಿಕ ಯಂತ್ರದ ಬಿಡಿಭಾಗವೊಂದನ್ನು ಮಾಡಿಕೊಡಲು ಒಪ್ಪಿಕೊಳ್ಳುವ ಸಣ್ಣ ಘಟಕದ ಸ್ಥಿತಿಯನ್ನು ಈಗ ಗಮನಿಸಬೇಕು. ಸಿಲಿಂಡರಿನ ಎರಕವನ್ನೇ ತೆಗೆದುಕೊಳ್ಳೋಣ. ಅದಕ್ಕೆ ಮೊದಲು ಮರದ ಅಚ್ಚು ಬೇಕು, ಒಳಗಿನ ಉಗಿದಾರಿಗಳಿಗೆ ಮರಳಿನ ತಿರುಳು ಬೇಕು. ನೂರು ಎರಕಗಳ ಆದೇಶವಿದ್ದರೆ ಅಚ್ಚಿನ ವೆಚ್ಚವು ನೂರರ ಮೇಲೆ ಹಂಚಿಹೋಗುತ್ತದೆ. ಇಲ್ಲಿ ಬೇಕಾದದ್ದು ಎರಡೋ ನಾಲ್ಕೋ. ಅಚ್ಚಿನ ಖರ್ಚು ಎರಕದ ಖರ್ಚನ್ನು ಮೀರುವುದು ಸಾಮಾನ್ಯ. ಎರಕದಲ್ಲಿ ಒಳಗೊಂದು ಗುಳ್ಳೆ ಉಳಿದು, ಒತ್ತಡದ ಪರೀಕ್ಷೆಯಲ್ಲಿ ಸೋರಿ, ತಿರಸ್ಕೃತವಾದರೆ ಇಡೀ ಆದೇಶದ ಲಾಭ ಕುಲುಮೆಗೆ ಮರಳಿದಂತೆ.

ಹಲ್ಲುಚಕ್ರದ ಕಷ್ಟ ಇನ್ನೊಂದು ಬಗೆಯದು. ಅದನ್ನು ಮಿಶ್ರಲೋಹದ ಉಕ್ಕಿನಲ್ಲಿ ಬಡಿದು ರೂಪಿಸಿ, ಹಲ್ಲು ಕೊರೆದು, ಹೊರಮೈಯನ್ನು ಗಡುಸುಗೊಳಿಸಬೇಕು, ಆದರೆ ಒಳತಿರುಳು ಹದವಾಗಿಯೇ ಉಳಿಯಬೇಕು. ಹೊರಗೆ ಮೃದುವಾದರೆ ಬೇಗ ಸವೆಯುತ್ತದೆ, ಒಳಗೆ ಗಡುಸಾದರೆ ಹಲ್ಲು ಮುರಿಯುತ್ತದೆ. ಮುರಿದ ಹಲ್ಲು ಕಲ್ಲಾರಿನ ಮೇಲಿನ ಕಣಿವೆಯಲ್ಲಿ ಏನನ್ನು ಅರ್ಥೈಸುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಇನ್ನೂ ಒಂದು ತೊಡಕುಂಟು. ಹಳೆಯ ಯಂತ್ರಗಳಲ್ಲಿ ಎಷ್ಟೋ ಸಲ ನಕ್ಷೆ ಕೈಗೆ ಸಿಗುವುದಿಲ್ಲ, ಸವೆದ ಮಾದರಿಯೊಂದೇ ಸಿಗುತ್ತದೆ. ಸವೆದದ್ದನ್ನು ಅಳೆದು ಹೊಸದನ್ನು ಮಾಡಿದರೆ ಹುಟ್ಟುವಾಗಲೇ ಸವೆದ ಭಾಗ ತಯಾರಾಗುತ್ತದೆ. ಮೂಲ ಅಳತೆ ಏನಿದ್ದಿರಬಹುದೆಂದು ಊಹಿಸಬಲ್ಲ ಅನುಭವಿ ಫಿಟ್ಟರನಿಗೆ ಬೆಲೆ ಬರುವುದು ಇಲ್ಲಿ. ಅಂಥವರು ನಿವೃತ್ತರಾಗುತ್ತಿದ್ದಾರೆ.

ಇಷ್ಟೆಲ್ಲ ಶ್ರಮದ ಭಾಗವನ್ನು ಕೊಳ್ಳುವ ವಿಧಾನವಾದರೋ ಗೋಣಿಚೀಲ ಕೊಳ್ಳುವ ವಿಧಾನವೇ: ಟೆಂಡರು, ಕನಿಷ್ಠ ದರ. ರೈಲ್ವೆಯ ಖರೀದಿ ಈಗ ಐಆರ್‌ಇಪಿಎಸ್ ಎಂಬ ವಿದ್ಯುನ್ಮಾನ ವ್ಯವಸ್ಥೆಯ ಮೂಲಕ ನಡೆಯುವುದರಿಂದ ಪೀಣ್ಯದಲ್ಲಿ ಕುಳಿತವನೂ ತಿರುಚಿರಾಪಳ್ಳಿಯ ಟೆಂಡರಿಗೆ ದರ ನಮೂದಿಸಬಹುದು. ಇದು ಸ್ವಾಗತಾರ್ಹ. ಆದರೆ ಜೀವಮಾನದಲ್ಲಿ ಉಗಿ ಸಿಲಿಂಡರನ್ನೇ ಕಾಣದವನು ಕಡಿಮೆ ದರ ಹಾಕಿ ಆದೇಶ ಪಡೆದು, ಅರ್ಧದಲ್ಲಿ ಕೈಬಿಟ್ಟರೆ ನಷ್ಟ ಯಾರದು? ಎರಡು ಮೂರು ಸಮರ್ಥ ಘಟಕಗಳನ್ನು ಗುರುತಿಸಿ, ಐದಾರು ವರ್ಷಗಳ ದರ ಒಪ್ಪಂದ ಮಾಡಿಕೊಂಡು, ಅಚ್ಚುಗಳ ವೆಚ್ಚವನ್ನು ರೈಲ್ವೆಯೇ ಭರಿಸಿ ಅವುಗಳನ್ನು ತನ್ನ ಸ್ವತ್ತಾಗಿ ಇರಿಸಿಕೊಳ್ಳುವುದೇ ಹೆಚ್ಚು ವಿವೇಕದ ದಾರಿ. ಅಚ್ಚು ಉಳಿದರೆ ಮುಂದಿನ ತಲೆಮಾರಿನಲ್ಲಿ ಎರಕವೂ ಉಳಿಯುತ್ತದೆ.

ಇರುವ ಕಾನೂನಿನಲ್ಲಿ ಸಣ್ಣ ಘಟಕಗಳಿಗೆ ದೊರೆಯುವ ಅನುಕೂಲಗಳು ಎಲ್ಲರಿಗೂ ತಿಳಿದಂತಿಲ್ಲ. 2012ರಿಂದ ಜಾರಿಯಲ್ಲಿರುವ ಸಾರ್ವಜನಿಕ ಖರೀದಿ ನೀತಿಯನ್ವಯ ಕೇಂದ್ರ ಸರ್ಕಾರದ ಇಲಾಖೆಗಳು ವಾರ್ಷಿಕ ಖರೀದಿಯ ಒಂದು ಭಾಗವನ್ನು ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು. 2018ರಲ್ಲಿ ಈ ಪ್ರಮಾಣವನ್ನು ಶೇ. 20ರಿಂದ ಶೇ. 25ಕ್ಕೆ ಏರಿಸಲಾಯಿತು. ಅದರೊಳಗೆ ಶೇ. 4 ಪರಿಶಿಷ್ಟ ಜಾತಿ ಮತ್ತು ಪಂಗಡಗಳವರ, ಶೇ. 3 ಮಹಿಳೆಯರ ಒಡೆತನದ ಘಟಕಗಳಿಗೆ ಮೀಸಲು. ಸಣ್ಣ ಘಟಕದ ದರವು ಕನಿಷ್ಠ ದರಕ್ಕಿಂತ ಶೇ. 15ರೊಳಗೆ ಹೆಚ್ಚಿದ್ದು, ಅದು ಕನಿಷ್ಠ ದರಕ್ಕೆ ಇಳಿಯಲು ಒಪ್ಪಿದರೆ ಆದೇಶದಲ್ಲಿ ಪಾಲು ದೊರೆಯುತ್ತದೆ. ಟೆಂಡರ್ ಪತ್ರ ಉಚಿತ, ಮುಂಗಡ ಠೇವಣಿಯಿಂದ ವಿನಾಯಿತಿ ಉಂಟು. ಈ ಖರೀದಿ ಆದ್ಯತೆ ತಯಾರಕರಿಗೆ ಮತ್ತು ಸೇವೆ ಒದಗಿಸುವವರಿಗೆ ಮಾತ್ರ. ಉದ್ಯಮ್ ನೋಂದಣಿ ಇದ್ದರೂ ಕೇವಲ ಕೊಂಡು ಮಾರುವ ವರ್ತಕರಿಗೆ ಅದು ಅನ್ವಯಿಸದೆಂಬುದನ್ನು ಅರಿಯದೆ ದರ ಹಾಕಿ ನಿರಾಶರಾದವರು ಉಂಟು. ಹಣ ಪಾವತಿಯ ವಿಷಯದಲ್ಲಿ 2006ರ ಎಂಎಸ್‌ಎಂಇಡಿ ಕಾಯಿದೆಯು 45 ದಿನಗಳ ಮಿತಿಯನ್ನೂ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನೂ ವಿಧಿಸಿದೆ. ಆ ಬಡ್ಡಿಯನ್ನು ಗಟ್ಟಿಯಾಗಿ ಕೇಳುವ ಧೈರ್ಯ, ಮುಂದಿನ ಆದೇಶದ ಮೇಲೆ ಕಣ್ಣಿಟ್ಟ ಪೂರೈಕೆದಾರನಿಗೆ ಎಷ್ಟಿರುತ್ತದೆ ಎಂಬುದು ಬೇರೆ ಮಾತು.

ಮಳೆ, ದರ ಮತ್ತು ಜಲಜನಕ

ಬೆಟ್ಟದ ರೈಲುಗಳ ನಷ್ಟಕ್ಕೆ ಎಂಜಿನ್ನಿನಷ್ಟೇ ಮಳೆಯೂ ಕಾರಣ. 2009ರ ನವೆಂಬರ್‌ನಲ್ಲಿ ನೀಲಗಿರಿಯಲ್ಲಿ ಸುರಿದ ಮಳೆಗೆ ಗುಡ್ಡಗಳು ಕುಸಿದು ರೈಲು ತಿಂಗಳುಗಟ್ಟಲೆ ನಿಂತಿತ್ತು. ಈಶಾನ್ಯ ಮಾರುತದ ದಿನಗಳಲ್ಲಿ ಆಗಾಗ ಸಂಚಾರ ರದ್ದಾಗುವುದು ಈಗ ರೂಢಿಯೇ ಆಗಿದೆ. 2023ರ ಆಗಸ್ಟ್‌ನಲ್ಲಿ ಶಿಮ್ಲಾ ಸಮೀಪದ ಸಮ್ಮರ್‌ಹಿಲ್ ಬಳಿ ಹಳಿಯ ಕೆಳಗಿನ ಮಣ್ಣೆಲ್ಲ ಕೊಚ್ಚಿಹೋಗಿ ಹಳಿಗಳು ಗಾಳಿಯಲ್ಲಿ ತೂಗಾಡಿದ ಚಿತ್ರವನ್ನು ದೇಶವೆಲ್ಲ ನೋಡಿತು. ಸಂಚಾರ ನಿಂತ ದಿನಗಳಲ್ಲಿ ರೈಲ್ವೆಗೆ ಹೋಗುವುದು ಟಿಕೆಟ್ಟಿನ ಹಣ ಮಾತ್ರ. ಕೂನೂರಿನ ಚಹಾಪುಡಿ ಅಂಗಡಿಗೆ, ಹೋಟೆಲಿಗೆ, ಜೀಪಿನವನಿಗೆ ಹೋಗುವ ಹಣ ಯಾವ ಇಲಾಖೆಯ ಲೆಕ್ಕಕ್ಕೂ ಸೇರುವುದಿಲ್ಲ. ನಷ್ಟದ ಮಾರ್ಗವೆಂದು ಕರೆಯುವಾಗ ಈ ಎರಡನೆಯ ಲೆಕ್ಕವನ್ನೂ ತೆಗೆಯಬೇಕೆಂಬ ವಾದದಲ್ಲಿ ಹುರುಳಿದೆ. 2018ರ ಅಕ್ಟೋಬರ್‌ನಲ್ಲಿ ಪ್ರಯಾಣ ದರವನ್ನು ಗಣನೀಯವಾಗಿ ಏರಿಸಿದ ಮೇಲೂ ಗಾಡಿಗೆ ಬೇಡಿಕೆ ಕುಗ್ಗಲಿಲ್ಲ. ಆದರೆ ನಾಲ್ಕಾರು ಬೋಗಿಗಳಿಗಿಂತ ಹೆಚ್ಚು ತಳ್ಳಲಾಗದ ಎಂಜಿನ್ನಿನಿಂದ ಬರುವ ಆದಾಯಕ್ಕೂ ಒಂದು ಮೇಲ್ಮಿತಿ ಇದ್ದೇ ಇದೆ.

2023ರಲ್ಲಿ ರೈಲ್ವೆ ಸಚಿವಾಲಯವು ಪಾರಂಪರಿಕ ಹಾಗೂ ಬೆಟ್ಟದ ಮಾರ್ಗಗಳಲ್ಲಿ 35 ಜಲಜನಕ ಚಾಲಿತ ಗಾಡಿಗಳನ್ನು ಓಡಿಸುವ ಯೋಜನೆಯನ್ನು ಪ್ರಕಟಿಸಿತು. ಪ್ರತಿ ಗಾಡಿಗೆ 80 ಕೋಟಿ ರೂಪಾಯಿ, ಪ್ರತಿ ಮಾರ್ಗದ ಮೂಲ ಸೌಕರ್ಯಕ್ಕೆ 70 ಕೋಟಿ ರೂಪಾಯಿ ಎಂಬುದು ಆಗಿನ ಅಂದಾಜು. ಪ್ರಯೋಗಕ್ಕೆ ಆರಿಸಿಕೊಂಡದ್ದು ಬೆಟ್ಟದ ಮಾರ್ಗವನ್ನಲ್ಲ, ಹರಿಯಾಣದ ಜೀಂದ್–ಸೋನಿಪತ್ ಬಯಲು ಮಾರ್ಗವನ್ನು. ಅದು ಸಹಜವೇ. ನೀಲಗಿರಿಯ ಹಲ್ಲುಪಟ್ಟಿಯ ಮೇಲೆ ಯಾವ ಇಂಧನ ಬಂದರೂ ಬಲವು ಕೊನೆಗೆ ಹಲ್ಲುಚಕ್ರದ ಮೂಲಕವೇ ಹಾದುಹೋಗಬೇಕು. ಅಂದರೆ ಬಾಯ್ಲರಿನ ಕೆಲಸ ಹೋದರೂ ಹಲ್ಲುಚಕ್ರ ಕೊರೆಯುವವನ ಕೆಲಸ ಹೋಗದು. ಕೋಟಿಗಟ್ಟಲೆ ಬೆಲೆಯ ಹೊಸ ಗಾಡಿಯ ಪಕ್ಕದಲ್ಲಿ ಹಳೆಯ ಉಗಿಬಂಡಿಯ ನಿರ್ವಹಣಾ ವೆಚ್ಚವು ಅಷ್ಟೇನೂ ದುಬಾರಿಯಾಗಿ ಕಾಣದು ಎಂಬುದನ್ನೂ ಇಲ್ಲಿ ಹೇಳಬಹುದು.

ಯಲಹಂಕದಿಂದ ನಂದಿಯ ಕಡೆಗೆ

ಕರ್ನಾಟಕದಲ್ಲಿ ಉಗಿಯ ಪಾರಂಪರಿಕ ಮಾರ್ಗವೆಂದು ಹೇಳಿಕೊಳ್ಳುವಂಥದು ಉಳಿದಿಲ್ಲ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಎಂಜಿನ್ನುಗಳು ಕಣ್ಣಿಗೆ ಹಬ್ಬ, ಕಸುಬಿಗೆ ಕೆಲಸವಿಲ್ಲ. ಆದರೆ ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದ ಕಥೆ ಭಿನ್ನವಾಗಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1915ರ ಸುಮಾರಿಗೆ, ಎರಡೂವರೆ ಅಡಿ ಗೇಜಿನ ಲಘು ರೈಲಾಗಿ ಹುಟ್ಟಿದ ಈ ಮಾರ್ಗವು ಈಗ ಬ್ರಾಡ್‌ಗೇಜ್ ಆಗಿ, ವಿದ್ಯುದೀಕರಣಗೊಂಡು, ಕೋಲಾರ–ಬಂಗಾರಪೇಟೆಯವರೆಗೆ ಕೂಡಿಕೊಂಡಿದೆ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ನಿಲ್ದಾಣಗಳ ಹಳೆಯ ಕಟ್ಟಡಗಳು ಮಾತ್ರ ಉಳಿದುಕೊಂಡಿದ್ದವು, ಅವುಗಳ ಪುನರುಜ್ಜೀವನಕ್ಕೆ ಇಂಟ್ಯಾಕ್ ಸಂಸ್ಥೆ ಕೈಹಾಕಿತು. ಇದೇ ಮಾರ್ಗದಲ್ಲಿ 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ನಿಲುಗಡೆ ತೆರೆದುಕೊಂಡಿತು. 2020ರಲ್ಲಿ ಮಂಜೂರಾದ 148 ಕಿಲೋಮೀಟರುಗಳ ಬೆಂಗಳೂರು ಉಪನಗರ ರೈಲು ಯೋಜನೆಯ ನಾಲ್ಕು ಕಾರಿಡಾರುಗಳಲ್ಲಿ ದೇವನಹಳ್ಳಿಯ ಕಡೆಗಿನದೂ ಒಂದು.

ಹಳೆಯ ನಿಲ್ದಾಣದ ದುರಸ್ತಿಯೂ ಬಿಡಿಭಾಗಗಳ ಪ್ರಶ್ನೆಯೇ. ಮಂಗಳೂರು ಹೆಂಚಿನ ಮಾಡಿಗೆ ಹೊಂದುವ ಹೆಂಚು, ಸುಣ್ಣದ ಗಾರೆ ಕಲಸಬಲ್ಲ ಗಾರೆಯವರು, ಎರಕದ ಕಬ್ಬಿಣದ ಚಾಚುಗಂಬ, ಹಿತ್ತಾಳೆಯ ಕೀಲು ಇವೆಲ್ಲ ಸಿದ್ಧಸರಕಿನ ಅಂಗಡಿಯಲ್ಲಿ ಸಿಗುವುದಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮದಲ್ಲಿ ಈಗ ಉಳಿದಿರುವ ಕಾರ್ಖಾನೆಗಳು ಬೆರಳೆಣಿಕೆಯಷ್ಟು. ಇತ್ತ ಇದೇ ಯಲಹಂಕದಲ್ಲಿ 1984ರಿಂದ ರೈಲ್ವೆಯ ಗಾಲಿ ಕಾರ್ಖಾನೆಯಿದೆ, ಅದಕ್ಕೆ ಸರಕು ಪೂರೈಸುತ್ತಾ ರೈಲ್ವೆಯ ತಪಾಸಣೆ, ಕಾಗದಪತ್ರಗಳ ರೀತಿನೀತಿ ಬಲ್ಲ ಘಟಕಗಳು ಸುತ್ತಮುತ್ತ ಇವೆ. ಗೇರು ಕೊರೆಯುವ, ಉಷ್ಣೋಪಚಾರ ಮಾಡುವ, ಹೂಡಿಕೆ ಎರಕ ಹೊಯ್ಯುವ ಯಂತ್ರಗಳು ಪೀಣ್ಯ, ಬೊಮ್ಮಸಂದ್ರಗಳಲ್ಲಿಯೂ, ಎರಕಕ್ಕೆ ಹೆಸರಾದ ಬೆಳಗಾವಿಯಲ್ಲಿಯೂ ಇವೆ. ತಿರುಚಿರಾಪಳ್ಳಿಯ ಟೆಂಡರುಗಳನ್ನು ನೋಡುವ ಅಭ್ಯಾಸ ಮಾತ್ರ ಇಲ್ಲಿನವರಿಗೆ ಇನ್ನೂ ಬಂದಂತಿಲ್ಲ.

ಎಕ್ಸ್ ವರ್ಗದ ಎಂಜಿನ್ನುಗಳು ಸಂಖ್ಯೆಯಲ್ಲಿ ಕೆಲವೇ ಆದರೂ, ಏರಿನಲ್ಲಿ ದುಡಿಯುವುದರಿಂದ ಅವುಗಳ ಹಲ್ಲುಚಕ್ರ, ಬ್ರೇಕಿನ ಅಟ್ಟೆ, ಸ್ಪ್ರಿಂಗುಗಳು ಬಯಲಿನ ಎಂಜಿನ್ನುಗಳಿಗಿಂತ ಬೇಗ ಸವೆಯುತ್ತವೆ. ಕಲ್ಲಾರಿನಿಂದ ಕೂನೂರಿನವರೆಗೆ ಹಾಸಿದ ಹಲ್ಲುಪಟ್ಟಿಯೂ ಸವೆಯುತ್ತದೆ, ಅದನ್ನೂ ತುಂಡು ತುಂಡಾಗಿ ಬದಲಿಸುತ್ತಲೇ ಇರಬೇಕು. 2011ರಲ್ಲಿ ಹೊಸದಾಗಿ ಬಂದ ಎಂಜಿನ್ನಿಗೆ ಈಗ ಹದಿನೈದರ ಹತ್ತಿರ ವಯಸ್ಸಾಗಿದೆ.